ಆರಿಸಿದ್ದು, ಅಳಿಸಿದ್ದು

ಸ್ಟೋರಿನಿಂದ ಹೊರಗೆ ಹೋದ ಲ್ಯಾಪ್‌ಟಾಪ್ ಈಗ ಯಾರ ಕೈಯಲ್ಲಿದೆ ಎಂದು ತಿಳಿಯಲು ನಮ್ಮ ಆಫೀಸಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ಒಂದು ಎಂದರೆ ಹೆಸರಿಗೆ ಒಂದು. ಶೇರ್ಡ್ ಫೋಲ್ಡರಿನಲ್ಲಿ ಹುಡುಕಿದಾಗ ಹನ್ನೊಂದು ಸಿಕ್ಕವು: 'ಸ್ಟಾಕ್_ಫೈನಲ್', 'ಸ್ಟಾಕ್_ಫೈನಲ್_ಹೊಸದು', 'ಸ್ಟಾಕ್_ಇದನ್ನೇ_ಬಳಸಿ'. ಈ ಕೊನೆಯದನ್ನು ಮಾತ್ರ ಯಾರೂ ಬಳಸುತ್ತಿರಲಿಲ್ಲ.

ಲ್ಯಾಪ್‌ಟಾಪು, ಪ್ರೊಜೆಕ್ಟರು, ಕ್ಯಾಮೆರಾ, ಅಳತೆಯ ಉಪಕರಣ ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ವಸ್ತುಗಳು. ಹೊರಗಿನ ಕೆಲಸಕ್ಕೆ ಹೋಗುವವರು ತೆಗೆದುಕೊಂಡು ಹೋಗುತ್ತಾರೆ, ಮುಗಿದ ಮೇಲೆ ತಂದುಕೊಡುತ್ತಾರೆ. ಇಲ್ಲವೇ ಪಕ್ಕದವರ ಕೈಗೆ ದಾಟಿಸಿ ಸುಮ್ಮನಾಗುತ್ತಾರೆ. ಲೆಕ್ಕ ಇಡುವವರು ಸ್ಟೋರ್ ಮೇಡಂ. ಯಾರಾದರೂ ಆ ಶೀಟನ್ನು ತೆರೆದಿಟ್ಟು ಸೀಟಿನಿಂದ ಎದ್ದುಹೋದರೆ ಉಳಿದವರಿಗೆ ಅದು 'ಓದಲು ಮಾತ್ರ'. ಆಗ ಮೇಡಂ ಕಾರಿಡಾರಿನಲ್ಲಿ ನಿಂತು "ಯಾರ್ರೀ ಶೀಟ್ ಓಪನ್ ಇಟ್ಟಿರೋದು?" ಎಂದು ಕೂಗಬೇಕು. ಹೀಗೆ ಒಂದು ದಿನ ಕೂಗಿದ್ದು ಮ್ಯಾನೇಜರ್ ಸರ್ ಕಿವಿಗೂ ಬಿತ್ತು. ನನ್ನನ್ನು ಕರೆದು, "ಇದನ್ನ ಕ್ಲೌಡಿಗೆ ಹಾಕಿಬಿಡಿ" ಎಂದರು. ಆ 'ಹಾಕಿಬಿಡಿ'ಯಲ್ಲಿನ 'ಬಿಡಿ' ಇದೆಯಲ್ಲ, ಅದರೊಳಗೆ ಏಳು ತಿಂಗಳು ಅಡಗಿ ಕುಳಿತಿತ್ತು.

ಮೊದಲು ಸಿದ್ಧ ಆಪ್‌ಗಳನ್ನೇ ನೋಡಿದೆವು. ತಿಂಗಳ ಚಂದಾ ಕಟ್ಟಿ ಬ್ರೌಸರಿನಲ್ಲಿ ತೆರೆದು ಬಳಸುವಂಥವು. ಮೂರನ್ನು ಪ್ರಯೋಗಕ್ಕೆ ತೆಗೆದುಕೊಂಡೆವು. ಒಂದರಲ್ಲಿ 'ಪಕ್ಕದವರಿಗೆ ದಾಟಿಸಿದ್ದು' ಎಂಬ ಸ್ಥಿತಿಯೇ ಇರಲಿಲ್ಲ. ವಸ್ತು ಸ್ಟೋರಿಗೆ ವಾಪಸ್ ಬಂದೇ ಇನ್ನೊಬ್ಬರಿಗೆ ಹೋಗಬೇಕು. ಎರಡನೆಯದರಲ್ಲಿ ಎಲ್ಲವೂ ಇತ್ತು, ಎಷ್ಟೆಂದರೆ ಒಂದು ಚಾರ್ಜರ್ ಕೊಡಲು ಹದಿನಾಲ್ಕು ಖಾನೆ ತುಂಬಬೇಕು. ಮೂರನೆಯದು ನಿಜಕ್ಕೂ ಚೆನ್ನಾಗಿತ್ತು, ಈಗ ನಾವು ಕಟ್ಟಿಕೊಂಡಿರುವುದಕ್ಕಿಂತ ಅಂದವಾಗಿಯೂ ಇತ್ತು. ಆದರೆ ನಾಳೆ ಬಿಟ್ಟುಹೋಗುವುದಾದರೆ ನಮ್ಮ ದಾಖಲೆಗಳನ್ನೆಲ್ಲ ಹೊರಗೆ ತೆಗೆದುಕೊಳ್ಳುವುದು ಹೇಗೆ ಎಂದು ಕೇಳಿದಾಗಲೆಲ್ಲ ಮಾರುವವರು ಮಾತು ಬೇರೆ ಕಡೆ ತಿರುಗಿಸುತ್ತಿದ್ದರು. ನನ್ನ ಮಟ್ಟಿಗೆ ಅದರ ಕಥೆ ಅಲ್ಲಿಗೆ ಮುಗಿಯಿತು. ನಾವೇ ಕಟ್ಟೋಣ ಎಂದಾಯಿತು. 'ನಾವು' ಎಂದರೆ ನಾನು, ಜೊತೆಗೆ ವಾರಕ್ಕೆ ಎರಡು ದಿನ ಸಿಗುವ ಒಬ್ಬ ಕಿರಿಯ ಸಹೋದ್ಯೋಗಿ.

ಬಾಡಿಗೆಗೆ ಕಂಪ್ಯೂಟರ್ ಕೊಡುವ ವ್ಯವಹಾರ ಹೊಸದೇನಲ್ಲ. ಅಮೆಜಾನ್ ತನ್ನ ಫೈಲ್ ಸಂಗ್ರಹದ ಸೇವೆಯನ್ನು 2006ರ ಮಾರ್ಚ್‌ನಲ್ಲಿ, ಸರ್ವರ್ ಬಾಡಿಗೆಯನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ತೆರೆದಿತ್ತು. ನನ್ನ ಓದು ಶುರುವಾದದ್ದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2011ರಲ್ಲಿ ಕೊಟ್ಟ ವ್ಯಾಖ್ಯೆಯಿಂದ. ಕ್ಲೌಡ್ ಎನಿಸಿಕೊಳ್ಳಲು ಐದು ಗುಣ ಇರಬೇಕು ಎನ್ನುತ್ತದೆ ಅದು: ಬೇಕೆಂದಾಗ ಯಾರನ್ನೂ ಕೇಳದೆ ನಾವೇ ತೆಗೆದುಕೊಳ್ಳುವಂತಿರಬೇಕು, ನೆಟ್‌ವರ್ಕಿನ ಮೂಲಕ ಯಾವ ಸಾಧನದಿಂದಲಾದರೂ ಸಿಗಬೇಕು, ಸಂಪನ್ಮೂಲ ಹಲವರ ನಡುವೆ ಹಂಚಿಕೆಯಾಗಬೇಕು, ಬೇಡಿಕೆಗೆ ತಕ್ಕಂತೆ ಥಟ್ಟನೆ ಹಿಗ್ಗಬೇಕು ಕುಗ್ಗಬೇಕು, ಬಳಕೆ ಅಳತೆಗೆ ಸಿಗಬೇಕು. ಮೊದಲ ನಾಲ್ಕನ್ನು ಆಸಕ್ತಿಯಿಂದ ಓದಿದೆ. ಐದನೆಯದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದೆ. ಆಮೇಲೆ ಅದೇ ಬಂದು ಬೆನ್ನು ತಟ್ಟಿತು.

ಖಾಲಿ ಸರ್ವರ್ ತೆಗೆದುಕೊಂಡರೆ ಅದರ ಅಪ್‌ಡೇಟು, ಫೈರ್‌ವಾಲು, ಡಿಸ್ಕು ತುಂಬಿದ್ದು ಎಲ್ಲ ನಮ್ಮ ತಲೆಗೇ. ಹಾಗಾಗಿ ಕಂಟೈನರ್ (ಆಪನ್ನೂ ಅದಕ್ಕೆ ಬೇಕಾದ್ದನ್ನೂ ಒಟ್ಟಿಗೆ ತುಂಬಿದ ಡಬ್ಬಿ) ಕೊಟ್ಟರೆ ತಾನೇ ಓಡಿಸಿಕೊಳ್ಳುವ ಒಂದು ಸೇವೆ, ಕ್ಲೌಡಿನವರೇ ನೋಡಿಕೊಳ್ಳುವ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸು, ಇಷ್ಟರಲ್ಲೇ ಮುಗಿಸೋಣ ಎಂದುಕೊಂಡೆವು.

ಶೀಟನ್ನು ಸಿಎಸ್‌ವಿ, ಅಂದರೆ ಬರಿಯ ಪಠ್ಯದ ಫೈಲು, ಮಾಡಿ ಡೇಟಾಬೇಸಿಗೆ ಸುರಿಯುವುದು ಒಂದು ದಿನದ ಕೆಲಸ ಎಂದು ಅಂದಾಜು ಹಾಕಿದ್ದೆ. ಮೂರು ವಾರ ಹಿಡಿಯಿತು. ತಾರೀಖಿನ ಕಾಲಮ್ಮಿನಲ್ಲಿ ಒಂದು ಕಡೆ '45000' ಎಂದಿತ್ತು. ಇದೇನು ಲ್ಯಾಪ್‌ಟಾಪಿನ ಬೆಲೆ ತಪ್ಪಿ ಇಲ್ಲಿ ಬಂದಿದೆಯೇ ಎಂದು ಅರ್ಧ ಗಂಟೆ ತಲೆ ಕೆರೆದುಕೊಂಡೆ. ಎಕ್ಸೆಲ್ ತಾರೀಖನ್ನು ಒಳಗೊಳಗೆ ದಿನಗಳ ಎಣಿಕೆಯಾಗಿ ಇಡುತ್ತದೆ. 1900ರ ಜನವರಿ 1 ಎಂದರೆ 1, ಹಾಗೆ ಎಣಿಸುತ್ತ ಬಂದರೆ 45000 ಎಂದರೆ 2023ರ ಮಾರ್ಚ್ 15. ಸೆಲ್ಲಿನ ಫಾರ್ಮ್ಯಾಟ್ ಕಳಚಿಬಿದ್ದಿದ್ದರಿಂದ ಒಳಗಿನ ಸಂಖ್ಯೆ ಹೊರಗೆ ಇಣುಕಿತ್ತು, ಅಷ್ಟೆ. ಇದಕ್ಕಾದರೂ ಉತ್ತರ ಇತ್ತು. '03/04' ಎಂದಿದ್ದ ಸಾಲುಗಳದ್ದು ಬೇರೆಯೇ ಪಾಡು. ಒಬ್ಬರ ಕಂಪ್ಯೂಟರಿನಲ್ಲಿ ಅದು ಏಪ್ರಿಲ್ ಮೂರು, ಇನ್ನೊಬ್ಬರದರಲ್ಲಿ ಮಾರ್ಚ್ ನಾಲ್ಕು. ಹಳೆಯ ರಸೀದಿಗಳನ್ನು ಹಿಡಿದು ಒಂದೊಂದಾಗಿ ತಾಳೆ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಎಲ್ಲ ಸರಿ ಮಾಡಿ ಮೇಡಂಗೆ ತೋರಿಸಿದೆ. ಪರದೆಯನ್ನು ಮೇಲಿಂದ ಕೆಳಕ್ಕೆ ಒಮ್ಮೆ ಸರಿಸಿ ನೋಡಿದರು.

"ಹಳದಿ ಎಲ್ಲಿ?"

"ಯಾವ ಹಳದಿ ಮೇಡಂ?"

ತಮ್ಮ ಶೀಟ್ ತೆರೆದರು. ಅಲ್ಲಲ್ಲಿ ಹಳದಿ ಸಾಲುಗಳು, ನಾಲ್ಕಾರು ಕಿತ್ತಳೆ ಬಣ್ಣದವು. ನಾನು ಅದನ್ನು ನೋಡಿರಲಿಲ್ಲ ಎಂದಲ್ಲ. ಚಂದಕ್ಕೆ ಹಾಕಿದ್ದಾರೆ ಎಂದುಕೊಂಡಿದ್ದೆ. ಹಳದಿ ಎಂದರೆ ವಸ್ತು ಕಪಾಟಿನಲ್ಲೇ ಇದೆ, ಆದರೆ ಒಬ್ಬರಿಗೆ ಮಾತು ಕೊಟ್ಟಾಗಿದೆ, ಬೇರೆಯವರಿಗೆ ಕೊಡುವಂತಿಲ್ಲ. ಕಿತ್ತಳೆ ಎಂದರೆ ವಾಪಸ್ ಬಂದಿದೆ, ಆದರೆ ಏನೋ ಸರಿಯಿಲ್ಲ, ನೋಡದೆ ಕೊಡಬೇಡಿ. ಈ ಅರ್ಥ ಯಾವ ಕಾಲಮ್ಮಿನಲ್ಲೂ ಬರೆದಿರಲಿಲ್ಲ. ಸಿಎಸ್‌ವಿಯಲ್ಲಿ ಬಣ್ಣ ಉಳಿಯುವುದಿಲ್ಲ. ಅಕ್ಷರ, ಅಂಕೆ, ಅಲ್ಪವಿರಾಮ, ಅಷ್ಟೇ. ಆರು ವರ್ಷದ ತಿಳಿವಳಿಕೆ ಒಂದು 'ಸೇವ್ ಆ್ಯಸ್'ನಲ್ಲಿ ಜಾರಿಹೋಗಿತ್ತು. ಅಂದೇ ಟೇಬಲ್ಲಿಗೆ ಎರಡು ಸ್ಥಿತಿ ಸೇರಿಸಿದೆ, 'ಮೀಸಲು', 'ಪರಿಶೀಲನೆ ಬಾಕಿ' ಎಂದು ಹೆಸರಿಟ್ಟೆ. ಮೇಡಂ ಅವನ್ನು ಇವತ್ತಿಗೂ ಹಳದಿ, ಕಿತ್ತಳೆ ಎಂದೇ ಕರೆಯುತ್ತಾರೆ. ಪರದೆಯಲ್ಲೂ ಅದೇ ಬಣ್ಣ ಕೊಟ್ಟಿದ್ದೇನೆ.

ಲಾಗಿನ್‌ಗೆ ಹೊಸ ಪಾಸ್‌ವರ್ಡ್ ಕೊಡುವುದು ಬೇಡ ಎಂಬ ಒಂದು ನಿರ್ಧಾರ ಮಾತ್ರ ಮೊದಲ ದಿನದಿಂದಲೇ ಸರಿಯಾಗಿತ್ತು. ಆಫೀಸಿನ ಮೇಲ್ ಖಾತೆಯಿಂದಲೇ ಒಳಗೆ ಬರುವಂತೆ ಮಾಡಿದೆವು. ಕೆಲಸ ಬಿಟ್ಟವರ ಮೇಲ್ ಖಾತೆ ಮುಚ್ಚಿದರೆ ಈ ಬಾಗಿಲೂ ತಾನಾಗಿ ಮುಚ್ಚುತ್ತದೆ.

ವಸ್ತು ಕೊಡುವಾಗ, ವಾಪಸ್ ಪಡೆಯುವಾಗ ಒಂದೊಂದು ಫೋಟೋ ತೆಗೆಯುವ ಸೌಲಭ್ಯ ಇಟ್ಟಿದ್ದೆವು. "ನಾನು ಕೊಟ್ಟಾಗ ಗೀರು ಇರಲಿಲ್ಲ" ಎಂಬ ಜಗಳ ತಪ್ಪಲಿ ಎಂದು. ಜನರಿಗೆ ಬಹಳ ಹಿಡಿಸಿದ್ದೇ ಇದು. ಒಂದು ಶುಕ್ರವಾರ ಸಂಜೆ ಸಣ್ಣ ತಿದ್ದುಪಡಿ ಮಾಡಿ ಹೊಸ ಆವೃತ್ತಿ ಡಿಪ್ಲಾಯ್ ಮಾಡಿದೆ, ಅಂದರೆ ಕ್ಲೌಡಿಗೆ ಏರಿಸಿದೆ. ಒಂದು ಬಟನ್ನಿನ ಹೆಸರು ಬದಲಿಸಿದ್ದು, ಇನ್ನೇನೂ ಅಲ್ಲ. ಸೋಮವಾರ ಬೆಳಿಗ್ಗೆ ಮೇಡಂ ಫೋನು: "ಫೋಟೋ ಯಾವುದೂ ಬರ್ತಿಲ್ಲ ನೋಡಿ."

ಫೋಟೋ ಇದ್ದ ಕಡೆಯಲ್ಲೆಲ್ಲ ಹರಿದ ಚಿತ್ರದ ಗುರುತು. ಎರಡು ತಿಂಗಳದ್ದು, ಮುನ್ನೂರಕ್ಕೂ ಹೆಚ್ಚು. ಕಾರಣ ತಿಳಿಯಲು ಹತ್ತು ನಿಮಿಷ ಸಾಕಾಯಿತು, ನಂಬಲು ಇಡೀ ದಿನ ಬೇಕಾಯಿತು. ಅಪ್‌ಲೋಡ್ ಆದ ಫೋಟೋಗಳನ್ನು ನನ್ನ ಕೋಡ್ 'ಅಪ್‌ಲೋಡ್ಸ್' ಎಂಬ ಫೋಲ್ಡರಿಗೆ ಬರೆಯುತ್ತಿತ್ತು. ನನ್ನ ಟೇಬಲ್ಲಿನ ಮೇಲಿನ ಕಂಪ್ಯೂಟರಿನಲ್ಲಿ ಅದು ಸರಿ. ಕ್ಲೌಡಿನಲ್ಲಿ ಆ ಫೋಲ್ಡರ್ ಇರುವುದು ಕಂಟೈನರಿನ ಒಳಗೆ, ಕಂಟೈನರಿಗೆ ಹೊಸ ಆವೃತ್ತಿ ಬಂದರೆ ಹಳೆಯದನ್ನು ತಿದ್ದುವುದಿಲ್ಲ, ಎತ್ತಿ ಬಿಸಾಡಿ ಹೊಸದನ್ನು ತಂದಿಡುತ್ತದೆ. ಒಳಗಿದ್ದ ಸಾಮಾನು ಸಮೇತ. ಎರಡು ತಿಂಗಳು ಡಿಪ್ಲಾಯ್ ಮಾಡದೆ ಇದ್ದದ್ದರಿಂದ ಅಷ್ಟು ದಿನ ಉಳಿದಿದ್ದವು ಎನ್ನುವುದೇ ಅದೃಷ್ಟ, ಅಥವಾ ದುರದೃಷ್ಟ. ಮೊದಲ ವಾರದಲ್ಲೇ ಹೋಗಿದ್ದರೆ ಐದು ಫೋಟೋಗೆ ಪಾಠ ಮುಗಿಯುತ್ತಿತ್ತು.

ಬ್ಯಾಕಪ್ ಇತ್ತಲ್ಲ ಎನ್ನಬಹುದು. ಇತ್ತು, ಡೇಟಾಬೇಸಿನದು. ಅದರಲ್ಲಿ ಫೋಟೋಗಳ ಹೆಸರು ಮಾತ್ರ ಇದ್ದವು. ಮುನ್ನೂರು ಹೆಸರು, ಒಂದೂ ಚಿತ್ರವಿಲ್ಲ. ಮೇಡಂ ಬೈಯಲಿಲ್ಲ. "ಮತ್ತೆ ಮೊದಲಿನ ಹಾಗೆ ಗೀರು ಇದ್ರೆ ಪೆನ್ಸಿಲಲ್ಲಿ ಬರ್ಕೋತೀನಿ ಬಿಡಿ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಆ ವಾರವೇ ಹೊಸ ಫೋಟೋಗಳು ಕಂಟೈನರಿನ ಹೊರಗಿನ ಫೈಲ್ ಸಂಗ್ರಹಕ್ಕೆ ಹೋಗುವಂತೆ ಮಾಡಿದೆವು. ಆಪ್ ಒಂದು ತಾತ್ಕಾಲಿಕ ಲಿಂಕ್ ಕೊಡುತ್ತದೆ, ಫೋನಿನಿಂದ ಚಿತ್ರ ನೇರವಾಗಿ ಸಂಗ್ರಹಕ್ಕೆ ಹೋಗುತ್ತದೆ, ಹದಿನೈದು ನಿಮಿಷಕ್ಕೆ ಲಿಂಕ್ ಸಾಯುತ್ತದೆ. ಆಪ್ ತನ್ನ ಒಡಲಲ್ಲಿ ಏನನ್ನೂ ಇಟ್ಟುಕೊಳ್ಳಬಾರದು, ಉಳಿಯಬೇಕಾದ್ದೆಲ್ಲ ಹೊರಗೆ ಇರಬೇಕು. ಹೆರೋಕು ಸಂಸ್ಥೆಯವರು 2011ರಲ್ಲೇ 'ಟ್ವೆಲ್ವ್ ಫ್ಯಾಕ್ಟರ್' ಎಂಬ ಹನ್ನೆರಡು ಸೂತ್ರಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದರು. ನಾನೂ ಓದಿದ್ದೆ. ಓದಿ ತಲೆಯಾಡಿಸಿದ್ದೆ.

ಹೀಗೆ ಬೇಕಾದ್ದು ಅಳಿದುಹೋದ ಮೇಲೆ ಬೇಡದ್ದು ಉಳಿಯುವ ಸರದಿ. ಫೈಲ್ ಸಂಗ್ರಹಕ್ಕೆ ಹೋಗಲು ಒಂದು ಗುಪ್ತ ಕೀ ಬೇಕು. ಅವಸರದಲ್ಲಿ ನನ್ನ ಸಹೋದ್ಯೋಗಿ ಅದನ್ನು ಕೋಡಿನೊಳಗೇ ಬರೆದು, ಕೋಡಿನ ಎಲ್ಲ ಆವೃತ್ತಿಗಳನ್ನೂ ಕಾದಿಡುವ ಗಿಟ್‌ಗೆ ಸೇರಿಸಿದ್ದ. ನಾನು ನೋಡಿ ಹೇಳಿದ ಮೇಲೆ ಐದೇ ನಿಮಿಷದಲ್ಲಿ "ಡಿಲೀಟ್ ಮಾಡಿದೀನಿ ಸರ್" ಎಂದ. ಮಾಡಿದ್ದ, ಈಗಿನ ಫೈಲಿನಿಂದ. ಹಿಂದಿನ ಆವೃತ್ತಿ ತೆರೆದರೆ ಕೀ ಅಲ್ಲೇ ಹಲ್ಲು ಕಿರಿಯುತ್ತಿತ್ತು. ಗಿಟ್ ಇರುವುದೇ ಹಿಂದಿನದನ್ನು ಮರೆಯದಿರಲು. ಕೀಯನ್ನೇ ರದ್ದು ಮಾಡಿ ಹೊಸದು ಮಾಡಿಸಿ, ಅದನ್ನು ಕೋಡಿನಿಂದ ದೂರ, ಕ್ಲೌಡಿನ ಗುಟ್ಟಿನ ಪೆಟ್ಟಿಗೆಯಲ್ಲಿಟ್ಟೆವು. ನಮ್ಮ ಕೋಡ್ ಸಾರ್ವಜನಿಕವಾಗಿ ಇರಲಿಲ್ಲ, ಹಾಗಾಗಿ ಬಚಾವ್.

ಇನ್ನು ಬಿಲ್. ಫೋಟೋ ಹೋದ ಮೇಲೆ ನನಗೆ ಬ್ಯಾಕಪ್ಪಿನ ಹುಚ್ಚು ಹಿಡಿದಿತ್ತು. ಬ್ಯಾಕಪ್ ನಿಜಕ್ಕೂ ವಾಪಸ್ ಬರುತ್ತದೆಯೇ ನೋಡಬೇಕೆಂದು ಅದರಿಂದ ಒಂದು ಹೊಸ ಡೇಟಾಬೇಸ್ ಎಬ್ಬಿಸಿದೆ. ಬಂತು. ಸಾಲುಗಳ ಎಣಿಕೆ ತಾಳೆಯಾಯಿತು. ಖುಷಿಯಾಗಿ 'ಸ್ಟಾಪ್' ಒತ್ತಿ ಮನೆಗೆ ಹೋದೆ. ಇನ್ನೊಮ್ಮೆ ಬೇಕಾಗಬಹುದು, ಅಳಿಸುವುದೇಕೆ ಎಂದು. ತಿಂಗಳ ಕೊನೆಗೆ ಲೆಕ್ಕ ವಿಭಾಗದವರು ಕಾಗದ ಹಿಡಿದು ಬಂದರು. ಬಿಲ್ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ನಾನು ಆರಿಸಿದ್ದ ಡೇಟಾಬೇಸ್ ಓಡುತ್ತಿತ್ತು!

ಯಾರೋ ನುಗ್ಗಿದ್ದಾರೆ ಎಂದು ಎದೆ ಧಸಕ್ಕೆಂದಿತು. ಯಾರೂ ನುಗ್ಗಿರಲಿಲ್ಲ. ನಾವು ಬಳಸುವ ಸೇವೆಯಲ್ಲಿ ನಿಲ್ಲಿಸಿದ ಡೇಟಾಬೇಸ್ ಏಳು ದಿನ ಮಾತ್ರ ನಿಂತಿರುತ್ತದೆ, ಆಮೇಲೆ ತಾನಾಗಿ ಎದ್ದು ಕೂರುತ್ತದೆ. ಅಗತ್ಯ ನಿರ್ವಹಣೆಯ ಅಪ್‌ಡೇಟುಗಳು ತಪ್ಪಿಹೋಗಬಾರದು ಎಂಬುದು ಕಾರಣ. ಕೈಪಿಡಿಯಲ್ಲಿ ಬರೆದೇ ಇದೆ, ತಪ್ಪು ನನ್ನದೇ. ಹುಡುಕುತ್ತ ಹೋದರೆ ಇನ್ನೂ ಸಿಕ್ಕವು: ಎಂದೋ ಅಳಿಸಿದ ಸರ್ವರಿನಿಂದ ಕಳಚಿಕೊಂಡು ಉಳಿದ ಎರಡು ಡಿಸ್ಕು, ಯಾವುದಕ್ಕೂ ಅಂಟದ ಸ್ನ್ಯಾಪ್‌ಶಾಟುಗಳು (ಡಿಸ್ಕಿನ ಒಂದು ಕ್ಷಣದ ಪ್ರತಿಗಳು), ಮೊದಲ ತಿಂಗಳಿಂದ ಒಂದೂ ಅಳಿಯದೆ ರಾಶಿ ಬಿದ್ದ ಲಾಗು, ಅಂದರೆ ಆಪ್ ಬರೆದಿಡುವ ದಿನಚರಿ. ಅಳಿಸಿದ ಸರ್ವರಿನ ಡಿಸ್ಕಿಗೂ ಬಾಡಿಗೆ ಕಟ್ಟುತ್ತಿದ್ದೆವು. ನಿಸ್ಟ್‌ನ ಐದನೆಯ ಗುಣ ಅಂದು ನೆನಪಾಯಿತು. ಹಳೆಯ ಕಾಲದಲ್ಲಿ ಸರ್ವರ್ ರೂಮಿನಲ್ಲಿ ಬೇಡದ ಯಂತ್ರ ಕಣ್ಣಿಗಾದರೂ ಕಾಣುತ್ತಿತ್ತು, ಹೋಗುತ್ತ ಬರುತ್ತ ಕಾಲಿಗಾದರೂ ತಾಗುತ್ತಿತ್ತು. ಇಲ್ಲಿ ಬಿಲ್ಲಿನ ಹೊರತು ಅದಕ್ಕೆ ಬೇರೆ ರೂಪವಿಲ್ಲ. ಈಗ ಪ್ರತಿಯೊಂದಕ್ಕೂ ಮಾಲೀಕರ ಹೆಸರು, ಏಕೆ ಹುಟ್ಟಿಸಿದ್ದು, ಎಂದು ಸಾಯಬೇಕು ಎಂಬ ಮೂರು ಚೀಟಿ ಅಂಟಿಸುತ್ತೇವೆ. ಖರ್ಚು ಒಂದು ಗೆರೆ ದಾಟಿದರೆ ಮೇಲ್ ಬರುತ್ತದೆ.

ಈ ಬಿಲ್ಲಿನ ಪ್ರಸಂಗ ಇಡೀ ಆಫೀಸಿಗೆ ಗೊತ್ತಾಯಿತು. ಮೇಡಂಗಂತೂ ಬಹಳ ನಗು. "ಸ್ವಿಚ್ ಆರಿಸಿದ್ರೂ ಮೀಟರ್ ಓಡುತ್ತಾ?" ಎಂದು ಮೂರು ಸಲ ಕೇಳಿದರು.

ಸಣ್ಣಪುಟ್ಟವು ಬೇಕಾದಷ್ಟಿದ್ದವು. ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕಾದ 'ಇವತ್ತು ವಾಪಸ್ ಕೊಡಿ' ಎಂಬ ಮೇಲ್ ಊಟ ಮುಗಿಸಿ ಬಂದ ಮೇಲೆ ಹೋಗುತ್ತಿತ್ತು, ಏಕೆಂದರೆ ಸರ್ವರಿನ ಗಡಿಯಾರ ಯುಟಿಸಿಯಲ್ಲಿತ್ತು, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ವರ್ಷದ ಕೊನೆಯ ಸ್ಟಾಕ್ ಎಣಿಕೆಯ ದಿನ ಎಲ್ಲರೂ ಒಟ್ಟಿಗೆ ತೆರೆದಾಗ ಆಪ್ ಹೆಮ್ಮೆಯಿಂದ ಒಂದರಿಂದ ಆರು ಕಂಟೈನರಿಗೆ ಹಿಗ್ಗಿತು. ಪ್ರತಿಯೊಂದೂ ಡೇಟಾಬೇಸಿಗೆ 20 ಸಂಪರ್ಕ ಹಿಡಿಯುವಂತೆ ನಾನೇ ಬರೆದಿದ್ದೆ. ಆರು ಇಪ್ಪತ್ತಲೆ ನೂರ ಇಪ್ಪತ್ತು. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಿತಿ 100, ನಮ್ಮಲ್ಲೂ ಅದೇ ಇತ್ತು. ಆಗ ಅದು 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್‌ರೆಡಿ' ಎನ್ನುತ್ತದೆ. ತಪ್ಪು ನನ್ನದು, ಕ್ಷಮೆ ಕೇಳುವುದು ಅದು. ಹಿಗ್ಗುವ ಗುಣ ಮುಂಬಾಗಿಲಿಗಿತ್ತು, ಒಳಗಿನ ಉಗ್ರಾಣಕ್ಕಿರಲಿಲ್ಲ. ಸಂಪರ್ಕವನ್ನು ತಲಾ ಐದಕ್ಕೆ ಇಳಿಸಿದೆ, ಅಷ್ಟೇ ಸಾಕಾಯಿತು.

ಒಂದು ದಿನ ಯಾರೋ ತಪ್ಪಾಗಿ ಬೇರೆಯವರ ಹೆಸರಿಗೆ ಕ್ಯಾಮೆರಾ ಬರೆದುಬಿಟ್ಟರು. ಅದನ್ನು ತೆಗೆಯಲು 'ಡಿಲೀಟ್' ಬಟನ್ ಕೊಡುತ್ತೇನೆ ಎಂದೆ. ಮೇಡಂ ಒಪ್ಪಲಿಲ್ಲ.

"ಡಿಲೀಟ್ ಯಾಕೆ? ಗೆರೆ ಎಳೆಯೋದಕ್ಕೆ ಕೊಡಿ. ನಾವು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿದ್ರು, ರಿಜಿಸ್ಟರಲ್ಲಿ ವೈಟ್ನರ್ ಹಚ್ಚಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು ಅಂತ. ಅಡಿಯಲ್ಲಿ ಏನಿತ್ತು ಅಂತ ಓದೋಕೆ ಆಗಬೇಕು."

ನಾನು ಓದಿದ ಕೋರ್ಸುಗಳಲ್ಲಿ ಇದಕ್ಕೆ 'ಆಡಿಟ್ ಟ್ರೇಲ್' ಎಂಬ ದೊಡ್ಡ ಹೆಸರಿತ್ತು. ಡಿಲೀಟ್ ಬಟನ್ ಕೈಬಿಟ್ಟೆ. ಈಗ ತಪ್ಪಾದ ಸಾಲಿನ ಮೇಲೆ ನಿಜಕ್ಕೂ ಒಂದು ಗೆರೆ ಬೀಳುತ್ತದೆ, ಪಕ್ಕದಲ್ಲಿ ಯಾರು ಎಳೆದದ್ದು, ಎಷ್ಟು ಹೊತ್ತಿಗೆ ಎಂದು ಬರುತ್ತದೆ. ಆ ಕಡೆ ಲಾಗುಗಳಿಗೆ ತೊಂಬತ್ತು ದಿನದ ಆಯುಸ್ಸು ನಿಗದಿ ಮಾಡಿದೆ. ಅವುಗಳಲ್ಲಿ ಯಾರು ಯಾವ ಹೊತ್ತಿಗೆ ಏನು ಹುಡುಕಿದರು ಎಂಬುದೆಲ್ಲ ದಾಖಲಾಗುತ್ತಿತ್ತು; ಅಷ್ಟೊಂದು ನೆನಪಿಟ್ಟುಕೊಳ್ಳುವ ಅಗತ್ಯ ಆಫೀಸಿಗಿಲ್ಲ. ಮ್ಯಾನೇಜರ್ ಸರ್‌ಗೆ ಇದು ಇಷ್ಟವಿರಲಿಲ್ಲ, 'ಇರಲಿ ಬಿಡಿ, ಯಾವತ್ತಾದರೂ ಬೇಕಾಗುತ್ತೆ' ಎಂದಿದ್ದರು. ಏನಕ್ಕೆ ಬೇಕಾಗುತ್ತದೆ ಎಂದು ಕೇಳಿದೆ. ಅವರ ಹತ್ತಿರ ಉತ್ತರವಿರಲಿಲ್ಲ, ಹಾಗಾಗಿ ನನ್ನ ಮಾತು ನಡೆಯಿತು.

ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು: "ಇದು ಯಾವತ್ತೂ ಕೆಡಲ್ಲ ತಾನೇ?" ಸೇವೆ ಕೊಡುವವರ ಒಪ್ಪಂದದಲ್ಲಿ 99.9 ಶೇಕಡಾ ಎಂದಿತ್ತು. ಕೇಳಲು ಇಂಪು. ಮೂವತ್ತು ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 43 ನಿಮಿಷ ಬಿದ್ದಿರಬಹುದು ಎಂದರ್ಥ. ಅದನ್ನೇ ಹೇಳಿದೆ. ಆ 43 ನಿಮಿಷಕ್ಕೆಂದು ಸ್ಟೋರಿನ ಕಿಟಕಿಯ ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು ಇಟ್ಟಿದ್ದೇವೆ. ಇಲ್ಲಿಯವರೆಗೆ ಒಂದೂವರೆ ಪುಟ ತುಂಬಿದೆ.

ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಇಡೀ ಆಪ್ ಎಬ್ಬಿಸಿ ನೋಡುವುದನ್ನು ಬಿಟ್ಟಿಲ್ಲ. ಈಗ ಡೇಟಾಬೇಸಿನ ಜೊತೆ ಫೋಟೋಗಳೂ ಬರುತ್ತವೆ. ಸಾಲುಗಳ ಎಣಿಕೆ ನೋಡಿ ಸುಮ್ಮನಾಗುವ ನನ್ನ ಅಭ್ಯಾಸವನ್ನು ಬಿಡಿಸಿದವರು ಮೇಡಂ. ಕಳೆದ ಸಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ತಮ್ಮ ನೋಟ್‌ಬುಕ್ಕಿನಿಂದ ಬೇಕೆಂದೇ ಹಳೆಯದೊಂದು ಸಾಲು ಆಯ್ದು, "ಈ ಪ್ರೊಜೆಕ್ಟರ್ ಆ ದಿನ ಯಾವ ಬಣ್ಣದಲ್ಲಿತ್ತು ತೋರಿಸಿ" ಎಂದರು. ತೋರಿಸಿದೆ. ಕಿತ್ತಳೆ. ಲೆನ್ಸಿನ ಮುಚ್ಚಳ ಇಲ್ಲದ ಫೋಟೋ ಸಮೇತ ಬಂತು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಒಂದು ಟಿಕ್ ಹಾಕಿದರು.

ಪರೀಕ್ಷೆ ಮುಗಿಯಿತು ಎಂದು ನಾನು ಆ ಹೊಸ ಡೇಟಾಬೇಸಿನ ಪುಟಕ್ಕೆ ಹೋಗಿ, ಬಟನ್ ಒತ್ತಿ, ಲ್ಯಾಪ್‌ಟಾಪ್ ಮುಚ್ಚಿದೆ. ಮೇಡಂ ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಆರಿಸಿದ್ರೋ, ಅಳಿಸಿದ್ರೋ?"

ಲ್ಯಾಪ್‌ಟಾಪ್ ಮತ್ತೆ ತೆರೆದು ನೋಡಿದೆ.